ಒಂದೇ ಹೆಬ್ಬಾಗಿಲಿನ ಹಲವು ಮನೆಗಳು

ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆ ‘ವಿಠ್ಠಲ ವಿಹಾರ’ದಿಂದ ಬಾನುಲಿ ಪ್ರಸಾರ ಆರಂಭಿಸಿದಾಗ ಅವರ ಬಳಿ ಇದ್ದದ್ದು 30 ವಾಟ್ ಶಕ್ತಿಯ ಒಂದು ಪುಟ್ಟ ಪ್ರೇಷಕ. ಒಂದು ಸಾಧಾರಣ ವಿದ್ಯುತ್ ದೀಪ ನುಂಗುವಷ್ಟೂ ಶಕ್ತಿ ಅದಕ್ಕಿರಲಿಲ್ಲ. ಆದರೂ ಮನೆಯೊಂದರ ಕೋಣೆಯಲ್ಲಿ ಆಡಿದ ಮಾತು, ಹಾಡಿದ ಹಾಡು ಊರಿನ ಇತರ ಮನೆಗಳಲ್ಲಿ ಕೇಳಿಸತೊಡಗಿತು. ಮುಂದೆ ಆ ನಿಲಯವನ್ನು ಮೈಸೂರು ಸಂಸ್ಥಾನದ ಸರ್ಕಾರ ವಹಿಸಿಕೊಂಡಿತು, ಆಮೇಲೆ ಅದು ಅಖಿಲ ಭಾರತ ಬಾನುಲಿ ಜಾಲದಲ್ಲಿ ಸೇರಿತು. ‘ಆಕಾಶವಾಣಿ’ ಎಂಬ ಆ ಮನೆಯ ಹೆಸರು ಇಡೀ ದೇಶದ ಹೆಸರಾಯಿತು. ಕನ್ನಡಿಗರೆಲ್ಲ ಹೆಮ್ಮೆಯಿಂದ ಹೇಳಿಕೊಳ್ಳುವ ಕಥೆ ಇದು.

ಈ ಕಥೆಯಲ್ಲಿ ಇನ್ನೊಂದು ಪಾಠವೂ ಇದೆ. ಹೊಸ ಮಾಧ್ಯಮವೊಂದು ಹುಟ್ಟಿದಾಗ ಅದು ಮನೆಯಿಂದ ಹೊರಗೆ ಹೋಗುವ ಮಾತಾಗಿರುತ್ತದೆ; ಬೆಳೆದ ಮೇಲೆ ಹೊರಗಿನಿಂದ ಮನೆಗೆ ಬರುವ ಮಾತಷ್ಟೇ ಆಗಿಬಿಡುತ್ತದೆ. ಬಾನುಲಿಗೆ ಆದದ್ದು ಇಂಟರ್‌ನೆಟ್‌ಗೂ ಆಗಿದೆಯೇ? ಇಂದು ನಮ್ಮಲ್ಲಿ ಬಹುತೇಕರ ಮನೆಗೆ ಇಂಟರ್‌ನೆಟ್ ಎಂದರೆ ನಲ್ಲಿಯ ಹಾಗೆ: ತಿರುಗಿಸಿದರೆ ಬರುತ್ತದೆ. ಅದೇ ಕೊಳವೆಯಲ್ಲಿ ನಮ್ಮ ಮನೆಯಿಂದಲೂ ಏನನ್ನಾದರೂ ಜಗತ್ತಿಗೆ ಕಳಿಸಬಹುದು, ಮನೆಯ ಒಂದೇ ಸಂಪರ್ಕದ ಮೇಲೆ ಒಂದಲ್ಲ ಹತ್ತು ಜಾಲತಾಣಗಳನ್ನು ನಡೆಸಬಹುದು ಎಂಬ ಸಂಗತಿ ಅನೇಕರಿಗೆ ಗೊತ್ತಿಲ್ಲ. ಅದು ಹೇಗೆ ಸಾಧ್ಯವಾಯಿತು, ಆಮೇಲೆ ಹೇಗೆ ಕಷ್ಟವಾಯಿತು ಎಂಬುದೇ ಒಂದು ಇತಿಹಾಸ.

ಕೆಂಪು ಶಾಯಿಯ ಚೀಟಿ

ಜಾಲತಾಣವೊಂದು ‘ಎಲ್ಲಿದೆ’ ಎಂದು ಕೇಳಿದರೆ, ಎಲ್ಲೋ ಆಕಾಶದಲ್ಲಿದೆ ಎಂಬ ಭಾವನೆ ಸಾಮಾನ್ಯ. ನಿಜವಾಗಿ ಅದು ಯಾವುದೋ ಒಂದು ಗಣಕಯಂತ್ರದ ಒಳಗಿರುವ ಕಡತಗಳ ಕಟ್ಟು. ಆ ಯಂತ್ರ ಹಗಲಿರುಳೂ ಎಚ್ಚರವಾಗಿದ್ದು, ಯಾರಾದರೂ ‘ಇಂಥ ಪುಟ ಕೊಡಿ’ ಎಂದು ಕೇಳಿದೊಡನೆ ಕಳಿಸಿಕೊಡಬೇಕು. ಅಂಥ ಯಂತ್ರಕ್ಕೆ ಸರ್ವರ್, ಅಂದರೆ ಬಡಿಸುವವ, ಎಂದು ಹೆಸರು.

ಜಗತ್ತಿನ ಮೊದಲ ವೆಬ್ ಸರ್ವರ್ ಜಿನೀವಾ ಬಳಿಯ ಸೆರ್ನ್ ಸಂಶೋಧನಾಲಯದಲ್ಲಿ ಟಿಮ್ ಬರ್ನರ್ಸ್-ಲೀ ಅವರ ಕೋಣೆಯಲ್ಲಿತ್ತು. 1990ರಲ್ಲಿ ಅವರು ಬಳಸುತ್ತಿದ್ದದ್ದು ‘ನೆಕ್ಸ್ಟ್’ ಎಂಬ ಕರಿಯ ಡಬ್ಬಿಯಂಥ ಗಣಕ. ಬರೆಯುವ ಮೇಜಿನ ಗಣಕವೂ ಅದೇ, ಜಗತ್ತಿಗೆ ಪುಟ ಬಡಿಸುವ ಯಂತ್ರವೂ ಅದೇ. ಯಾರಾದರೂ ಅರಿಯದೆ ಸ್ವಿಚ್ ಆರಿಸಿದರೆ ಇಡೀ ವೆಬ್ ಆರಿಹೋಗುತ್ತಿತ್ತು. ಅದಕ್ಕೇ ಅವರು ಅದರ ಮೇಲೆ, ಇದು ಸರ್ವರ್, ಆರಿಸಬೇಡಿ ಎಂಬ ಅರ್ಥದ ಚೀಟಿಯೊಂದನ್ನು ಕೆಂಪು ಶಾಯಿಯಲ್ಲಿ ಬರೆದು ಅಂಟಿಸಿದ್ದರು. ಲೋಡ್ ಶೆಡ್ಡಿಂಗ್ ಕಂಡ ನಮಗೆ ಆ ಆತಂಕವನ್ನು ಯಾರೂ ವಿವರಿಸಬೇಕಾಗಿಲ್ಲ.

ಗಮನಿಸಬೇಕಾದ್ದೇನೆಂದರೆ, ಆ ಮೊದಲ ವ್ಯವಸ್ಥೆಯಲ್ಲಿ ಓದುಗ ಮತ್ತು ಪ್ರಕಾಶಕ ಎಂಬ ಎರಡು ಜಾತಿಗಳಿರಲಿಲ್ಲ. ಜಾಲಕ್ಕೆ ಸೇರಿದ ಯಾವುದೇ ಯಂತ್ರ ಕೇಳಬಹುದಿತ್ತು, ಕೊಡಬಹುದಿತ್ತು. 1993ರ ಏಪ್ರಿಲ್ 30ರಂದು ಸೆರ್ನ್ ತನ್ನ ವೆಬ್ ತಂತ್ರಾಂಶವನ್ನು ಯಾರು ಬೇಕಾದರೂ ಬಳಸಬಹುದು ಎಂದು ಸಾರ್ವಜನಿಕರಿಗೆ ಬಿಟ್ಟುಕೊಟ್ಟಿತು. 1995ರ ಡಿಸೆಂಬರ್‌ನಲ್ಲಿ ಸ್ವಯಂಸೇವಕರ ಗುಂಪೊಂದು ‘ಅಪಾಚೆ’ ಎಂಬ ಸರ್ವರ್ ತಂತ್ರಾಂಶದ ಮೊದಲ ಪೂರ್ಣ ಆವೃತ್ತಿಯನ್ನು ಉಚಿತವಾಗಿ ಹೊರತಂದಿತು. ಲಿನಕ್ಸ್ ಅದಾಗಲೇ ಬಂದಿತ್ತು. ಮೂಲೆಗೆ ತಳ್ಳಿದ ಹಳೆಯ 486 ಗಣಕವೊಂದಿದ್ದರೆ ಒಂದು ಕಾಸೂ ಖರ್ಚಿಲ್ಲದ ತಂತ್ರಾಂಶದಿಂದ ಅದನ್ನು ಸರ್ವರ್ ಮಾಡಬಹುದಿತ್ತು. ಉಳಿದದ್ದು ಒಂದೇ ತೊಡಕು: ವಿಳಾಸ.

ವಠಾರದ ಲೆಕ್ಕ

ಇಂಟರ್‌ನೆಟ್‌ನಲ್ಲಿ ಪ್ರತಿ ಯಂತ್ರಕ್ಕೂ ಒಂದು ಸಂಖ್ಯೆಯ ವಿಳಾಸವಿರುತ್ತದೆ. 1981ರಲ್ಲಿ ಗೊತ್ತುಮಾಡಿದ ಪದ್ಧತಿಯ ಪ್ರಕಾರ ಇಂಥ ವಿಳಾಸಗಳು ಒಟ್ಟು ಸುಮಾರು 429 ಕೋಟಿ. ಸಂಖ್ಯೆಯನ್ನು ಜನ ನೆನಪಿಡಲಾರರಾದ್ದರಿಂದ 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಅವರು ಹೆಸರಿನಿಂದ ಸಂಖ್ಯೆಯನ್ನು ಹುಡುಕಿಕೊಡುವ ‘ಡಿಎನ್‌ಎಸ್’ ಎಂಬ ವ್ಯವಸ್ಥೆಯನ್ನು ರೂಪಿಸಿದರು. ನಾವು ತಾಣದ ಹೆಸರು ಬರೆಯುತ್ತೇವೆ. ಈ ವ್ಯವಸ್ಥೆ ಅದನ್ನು ಸಂಖ್ಯೆಗೆ ತಿರುಗಿಸುತ್ತದೆ. ನಮ್ಮ ಗಣಕ ಆ ಸಂಖ್ಯೆಯ ಮನೆಗೆ ಹೋಗಿ ಬಾಗಿಲು ತಟ್ಟುತ್ತದೆ.

ಆರಂಭದ ವೆಬ್‌ನಲ್ಲಿ ಒಂದು ವಿಚಿತ್ರ ಮರೆವಿತ್ತು. ಬಾಗಿಲು ತಟ್ಟಿದ ಮೇಲೆ ಗಣಕ ಕೇಳುತ್ತಿದ್ದದ್ದು ‘ಮೊದಲ ಪುಟ ಕೊಡಿ’ ಎಂದಷ್ಟೇ. ಯಾರ ಮೊದಲ ಪುಟ ಎಂದು ಹೇಳುತ್ತಿರಲಿಲ್ಲ. ವಿಳಾಸ ಹುಡುಕಲು ಬಳಸಿದ ಹೆಸರನ್ನು ದಾರಿಯಲ್ಲೇ ಬಿಟ್ಟುಬರುತ್ತಿತ್ತು. ಒಂದು ವಿಳಾಸಕ್ಕೆ ಒಂದೇ ತಾಣ ಇದ್ದ ಕಾಲದಲ್ಲಿ ಇದರಿಂದ ತೊಂದರೆಯಿರಲಿಲ್ಲ. ಆದರೆ ಒಂದೇ ಯಂತ್ರದಲ್ಲಿ ಹತ್ತು ತಾಣ ಇಡಬೇಕೆಂದರೆ ಹತ್ತು ವಿಳಾಸಗಳೇ ಬೇಕಾಗುತ್ತಿದ್ದವು.

ಬೆಂಗಳೂರು, ಮೈಸೂರಿನ ಹಳೆಯ ವಠಾರಗಳನ್ನು ಬಲ್ಲವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ರಸ್ತೆಗೆ ಒಂದೇ ಹೆಬ್ಬಾಗಿಲು, ಒಂದೇ ಡೋರ್ ನಂಬರು. ಒಳಗೆ ಎಂಟು ಹತ್ತು ಸಂಸಾರ. ಅಂಚೆಯವನು ಕಾಗದ ತಂದಾಗ ಅದರ ಮೇಲೆ ಬರೀ ಡೋರ್ ನಂಬರಿದ್ದು ಹೆಸರೇ ಇಲ್ಲದಿದ್ದರೆ ಯಾರಿಗೆ ಕೊಡಬೇಕು? ಪ್ರತಿ ಸಂಸಾರಕ್ಕೂ ರಸ್ತೆಯ ಕಡೆ ಬೇರೆ ಬೇರೆ ಬಾಗಿಲು ಕೊರೆಯುವುದು ಒಂದು ಪರಿಹಾರ. ಕಾಗದದ ಮೇಲೆ ಹೆಸರು ಬರೆಯಿರಿ ಎಂದು ಹೇಳುವುದು ಇನ್ನೊಂದು, ಮತ್ತು ಬಹಳ ಅಗ್ಗದ ಪರಿಹಾರ.

1997ರ ಜನವರಿಯಲ್ಲಿ ಪ್ರಕಟವಾದ ವೆಬ್ ಸಂವಹನದ ಹೊಸ ನಿಯಮಾವಳಿ ಈ ಎರಡನೆಯ ದಾರಿಯನ್ನು ಕಡ್ಡಾಯ ಮಾಡಿತು. ಪುಟ ಕೇಳುವ ಪ್ರತಿಯೊಂದು ಕೋರಿಕೆಯಲ್ಲೂ ‘ಹೋಸ್ಟ್’ ಎಂಬ ಒಂದು ಸಾಲು ಇರಲೇಬೇಕು, ಅದರಲ್ಲಿ ತಾಣದ ಹೆಸರು ಬರೆದಿರಬೇಕು, ಆ ಸಾಲಿಲ್ಲದ ಕೋರಿಕೆಯನ್ನು ತಿರಸ್ಕರಿಸಬೇಕು ಎಂದಿತು. ಅದಕ್ಕೆ ಮುಂಚೆಯೇ ಕೆಲವರು ಈ ಸಾಲನ್ನು ಬಳಸತೊಡಗಿದ್ದರು. ಈಗ ಅದು ಎಲ್ಲರ ಮಾತಾಯಿತು. ಒಂದೇ ಒಂದು ಸಾಲು! ಆದರೆ ಅದರಿಂದ ಒಂದು ವಿಳಾಸದ ಹಿಂದೆ ಎಷ್ಟು ತಾಣಗಳಾದರೂ ಬಾಳಬಹುದಾಯಿತು. ಯಂತ್ರದಲ್ಲಿ ಕೂತ ತಂತ್ರಾಂಶ ವಠಾರದ ಜಗಲಿಯ ಹಿರಿಯರಂತೆ ‘ಯಾರು ಬೇಕಾಗಿತ್ತು?’ ಎಂದು ವಿಚಾರಿಸಿ, ಬಂದವರನ್ನು ಆಯಾ ಮನೆಗೆ ಕಳಿಸುತ್ತದೆ. ಇಂದು ಒಂದೇ ಸಂಪರ್ಕದಲ್ಲಿ ತನ್ನದೊಂದು, ಹೆಂಡತಿಯ ಸಂಗೀತ ಶಾಲೆಯದೊಂದು, ಊರಿನ ಗ್ರಂಥಾಲಯದ್ದೊಂದು ಎಂದು ಹಲವು ತಾಣ ಇಟ್ಟುಕೊಳ್ಳಬಲ್ಲವನು ಆ ಒಂದು ಸಾಲಿನ ಋಣದಲ್ಲಿದ್ದಾನೆ. ದೊಡ್ಡ ಕಂಪೆನಿಗಳು ಸಾವಿರಾರು ಗಿರಾಕಿಗಳ ತಾಣಗಳನ್ನು ಅಗ್ಗದ ಬಾಡಿಗೆಗೆ ಒಂದೇ ಯಂತ್ರದಲ್ಲಿ ತುಂಬುವುದೂ ಅದೇ ಉಪಾಯದಿಂದ.

ಮನೆಯೊಳಗಿನ ಮನೆ

ವಿಳಾಸಗಳ ಅಭಾವ ಮನೆಗಳಿಗೆ ಇನ್ನೊಂದು ಬಗೆಯಲ್ಲೂ ತಟ್ಟಿತು. ಮೊದಮೊದಲು ವಿಳಾಸಗಳನ್ನು ಧಾರಾಳವಾಗಿ ಹಂಚಿದ್ದರು. ಅಮೆರಿಕದ ಎಂಐಟಿ ವಿದ್ಯಾಸಂಸ್ಥೆಯೊಂದಕ್ಕೇ 1 ಕೋಟಿ 67 ಲಕ್ಷಕ್ಕೂ ಹೆಚ್ಚು ವಿಳಾಸಗಳು ದೊರೆತಿದ್ದವು. ಜಾಲ ಜನಸಾಮಾನ್ಯರ ಕಡೆಗೆ ಬರುವ ವೇಳೆಗೆ ಉಳಿದದ್ದನ್ನು ಅಳೆದು ಕೊಡಬೇಕಾಯಿತು. 1994ರ ಮೇ ತಿಂಗಳಲ್ಲಿ ‘ನ್ಯಾಟ್’ ಎಂಬ ಉಪಾಯವೊಂದು ಪ್ರಕಟವಾಯಿತು. ಒಳಗಿನ ಯಂತ್ರಗಳಿಗೆಲ್ಲ ಖಾಸಗಿ ಸಂಖ್ಯೆ ಕೊಟ್ಟು, ಹೊರಗೆ ಮಾತ್ರ ಒಂದೇ ಸಂಖ್ಯೆ ತೋರಿಸುವುದು ಇದರ ತಿರುಳು. ರೂಪಿಸಿದವರೇ ಇದನ್ನು ಅಲ್ಪಕಾಲದ ಪರಿಹಾರ ಎಂದು ಕರೆದಿದ್ದರು. ನಮ್ಮಲ್ಲಿ ತಾತ್ಕಾಲಿಕ ಎಂದು ಹಾಕಿದ ತಗಡಿನ ಶೆಡ್ಡಿನ ಗತಿ ಏನಾಗುತ್ತದೋ ಅದೇ ಇದಕ್ಕೂ ಆಯಿತು: ಮೂರು ದಶಕ ಕಳೆದರೂ ಅದು ಹಾಗೆಯೇ ನಿಂತಿದೆ. ಇಂದು ಪ್ರತಿ ಮನೆಯ ರೂಟರ್ ಪೆಟ್ಟಿಗೆಯಲ್ಲೂ ಇದೇ ಕೆಲಸ ನಡೆಯುತ್ತದೆ.

ನ್ಯಾಟ್‌ನ ಸ್ವಭಾವವೇನೆಂದರೆ, ಒಳಗಿನವರು ಹೊರಗೆ ಹೋಗಿಬರಬಹುದು. ಹೊರಗಿನವರು ತಾವಾಗಿ ಬಂದರೆ ಬಾಗಿಲಲ್ಲೇ ನಿಲ್ಲಬೇಕು. ಏಕೆಂದರೆ ಬಂದವರನ್ನು ಯಾವ ಮನೆಗೆ ಕಳಿಸಬೇಕೆಂದು ರೂಟರಿಗೆ ತಿಳಿಯದು. ಮನೆಯಲ್ಲಿ ಸರ್ವರ್ ಇಡುವವನು ಅದಕ್ಕೆ ಮೊದಲೇ ಹೇಳಿಟ್ಟಿರಬೇಕು: ‘ವೆಬ್ ಪುಟ ಕೇಳಿಕೊಂಡು 80ನೆಯ ಅಥವಾ 443ನೆಯ ಕಿಂಡಿಗೆ ಬಂದವರನ್ನು ಮೂಲೆಯ ಆ ಯಂತ್ರದ ಬಳಿ ಬಿಡು.’ ಇಷ್ಟು ಮಾಡಿದರೆ ಸರಪಣಿ ಪೂರ್ತಿಯಾಗುತ್ತದೆ. ಡಿಎನ್‌ಎಸ್ ಓದುಗನನ್ನು ಮನೆಯವರೆಗೆ ತರುತ್ತದೆ, ರೂಟರ್ ಅವನನ್ನು ಯಂತ್ರದವರೆಗೆ ಬಿಡುತ್ತದೆ, ಹೋಸ್ಟ್ ಎಂಬ ಸಾಲು ತಾಣವನ್ನು ಆರಿಸುತ್ತದೆ.

ಇನ್ನೂ ಒಂದು ತೊಡಕು ಉಳಿಯಿತು. ಮನೆಯ ಸಂಪರ್ಕಕ್ಕೆ ಕೊಡುವ ಸಂಖ್ಯೆ ಆಗಾಗ ಬದಲಾಗುತ್ತದೆ. ಬಾಡಿಗೆದಾರ ವಾರಕ್ಕೊಂದು ಮನೆ ಬದಲಿಸಿದರೆ ಅಂಚೆಯವನ ಗತಿಯೇನು? ಪ್ರತಿ ಬಾರಿಯೂ ಅವನೇ ಅಂಚೆ ಕಚೇರಿಗೆ ಹೊಸ ವಿಳಾಸ ತಿಳಿಸಬೇಕು. ಡಿಎನ್‌ಎಸ್ ದಾಖಲೆಯನ್ನು ಹೀಗೆ ತಾನಾಗಿ ತಿದ್ದುವ ಕ್ರಮ 1997ರ ಏಪ್ರಿಲ್‌ನಲ್ಲಿ ಗೊತ್ತಾಯಿತು. ಅದರ ಬೆನ್ನಿಗೇ ಮನೆಬಳಕೆಯವರಿಗಾಗಿ ಇಂಥ ಸೇವೆ ಕೊಡುವವರೂ ಹುಟ್ಟಿಕೊಂಡರು.

ಅಗಲದ ರಸ್ತೆ, ಕಿರಿದಾದ ರಸ್ತೆ

ಇಷ್ಟೆಲ್ಲ ಉಪಾಯ ಇದ್ದರೂ ಮನೆಯ ತಾಣಗಳು ಏಕೆ ಬೆಳೆಯಲಿಲ್ಲ? ಉತ್ತರದ ಒಂದು ಭಾಗ ತಂತಿಯಲ್ಲೇ ಇದೆ. ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ಬಂದದ್ದು 1995ರ ಆಗಸ್ಟ್ 15ರಂದು, ವಿಎಸ್‌ಎನ್‌ಎಲ್ ಮೂಲಕ. ಅದಕ್ಕೂ ಮುಂಚೆ ವಿದ್ಯಾಸಂಸ್ಥೆಗಳಿಗಾಗಿ ‘ಅರ್ನೆಟ್’ ಜಾಲವಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಅದರ ಆರಂಭದ ಎಂಟು ಸಂಸ್ಥೆಗಳಲ್ಲೊಂದು. ಆಗ ಮನೆಯ ಸಂಪರ್ಕವೆಂದರೆ ಟೆಲಿಫೋನ್ ಡಯಲ್ ಮಾಡಿ ಪಡೆಯುವಂಥದು. ನಿಮಿಷಕ್ಕಿಷ್ಟು ಎಂದು ಬಿಲ್ಲು ಏರುವಾಗ, ಅತ್ತೆಮನೆಯಿಂದ ಫೋನ್ ಬಂದರೆ ಎಂಗೇಜ್ ಎನ್ನುವಾಗ, ಇಪ್ಪತ್ತನಾಲ್ಕು ಗಂಟೆ ತಾಣ ನಡೆಸುವ ಮಾತೆಲ್ಲಿ?

ಆಮೇಲೆ ಬಂದ ಬ್ರಾಡ್‌ಬ್ಯಾಂಡ್ ಸದಾ ತೆರೆದಿರುತ್ತಿತ್ತು, ನಿಜ. ಆದರೆ ಅದು ಹುಟ್ಟಿನಿಂದಲೇ ಒಂದು ಕಡೆಗೆ ವಾಲಿದ ತಂತ್ರ. ಟೆಲಿಫೋನಿನ ತಾಮ್ರದ ತಂತಿಯಲ್ಲಿ ವೇಗದ ಸಂಪರ್ಕ ಕೊಡುವ ‘ಎಡಿಎಸ್‌ಎಲ್’ನಲ್ಲಿರುವ ‘ಎ’ ಅಕ್ಷರದ ಅರ್ಥವೇ ಅಸಮ ಎಂದು. 1980ರ ದಶಕದ ಕೊನೆಯಲ್ಲಿ ಅಮೆರಿಕದ ಬೆಲ್‌ಕೋರ್ ಪ್ರಯೋಗಾಲಯದ ಜೋಸೆಫ್ ಲೆಕ್ಲೈಡರ್ ಎಂಬ ಎಂಜಿನಿಯರ್ ಒಂದು ಸತ್ಯ ಕಂಡುಕೊಂಡರು: ಎರಡೂ ದಿಕ್ಕಿಗೆ ಸಮವೇಗ ಕೊಡಲು ಹೋದರೆ ಪಕ್ಕಪಕ್ಕದ ತಂತಿಗಳ ಸದ್ದು ಒಂದಕ್ಕೊಂದು ಅಡ್ಡಬರುತ್ತದೆ; ಮನೆಯ ಕಡೆಗೆ ಹೆಚ್ಚು, ಮನೆಯಿಂದಾಚೆಗೆ ಕಡಿಮೆ ಕೊಟ್ಟರೆ ಹಳೆಯ ತಂತಿಯಿಂದಲೇ ಹೆಚ್ಚು ಕೆಲಸ ತೆಗೆಯಬಹುದು. ಆಗ ಕಂಪೆನಿಗಳ ಕಣ್ಣಿದ್ದದ್ದು ಮನೆಮನೆಗೆ ಸಿನಿಮಾ ಕಳಿಸುವುದರ ಮೇಲೆ. ಮನೆಯವರು ನೋಡುತ್ತಾರೆ, ಹೇಳುವುದಕ್ಕೇನಿದೆ ಎಂಬ ಎಣಿಕೆ ಅದು. ಇದರಲ್ಲಿ ಕುತಂತ್ರವೇನಿರಲಿಲ್ಲ; ಒಳ್ಳೆಯ ಎಂಜಿನಿಯರಿಂಗ್ ಇತ್ತು. ಆದರೆ ಎಣಿಕೆಯೊಂದು ತಂತಿಯಲ್ಲಿ ಕೂತುಬಿಟ್ಟರೆ ಅದೇ ನಿಜವಾಗುತ್ತದೆ.

ಲೆಕ್ಕ ಹಾಕಿ ನೋಡೋಣ. 2004ರ ಬ್ರಾಡ್‌ಬ್ಯಾಂಡ್ ನೀತಿಯಲ್ಲಿ ನಮ್ಮ ಸರ್ಕಾರ 256 ಕಿಲೋಬಿಟ್ ವೇಗವನ್ನೇ ಬ್ರಾಡ್‌ಬ್ಯಾಂಡ್ ಎಂದು ಕರೆದಿತ್ತು. ಮನೆಯಿಂದ ಹೊರಗೆ ಅಷ್ಟು ವೇಗ ಸಿಕ್ಕಿತೆಂದೇ ಇಟ್ಟುಕೊಳ್ಳಿ. ಚಿತ್ರ ಸಹಿತ ನೂರು ಕಿಲೋಬೈಟ್‌ನ ಪುಟವೊಂದನ್ನು ಒಬ್ಬರಿಗೆ ಕಳಿಸಲು ಮೂರು ಸೆಕೆಂಡು ಬೇಕು. ಹತ್ತು ಜನ ಒಟ್ಟಿಗೆ ಬಂದರೆ ಎಲ್ಲರಿಗೂ ಪುಟ ತಲುಪಲು ಅರ್ಧ ನಿಮಿಷ ಹಿಡಿಯುತ್ತದೆ. ನೂರು ಜನ ಬಂದರೆ ಐದು ನಿಮಿಷ. ಅಷ್ಟು ಹೊತ್ತು ಯಾರು ಕಾಯುತ್ತಾರೆ?

ಎರಡನೆಯ ಪೆಟ್ಟು ಭಯದ್ದು. 2001ರ ಜುಲೈ 19ರಂದು ‘ಕೋಡ್ ರೆಡ್’ ಎಂಬ ಹುಳು ಹದಿನಾಲ್ಕು ಗಂಟೆಯೊಳಗೆ ಮೂರೂವರೆ ಲಕ್ಷಕ್ಕೂ ಹೆಚ್ಚು ಯಂತ್ರಗಳನ್ನು ಹೊಕ್ಕಿತು. ಅದು ಬಂದದ್ದು ವೆಬ್ ಸರ್ವರ್‌ಗಳ 80ನೆಯ ಕಿಂಡಿಯಿಂದಲೇ. ಹೊಕ್ಕಿಸಿಕೊಂಡವರಲ್ಲಿ ಎಷ್ಟೋ ಜನರಿಗೆ ತಮ್ಮ ಮನೆಯ ಗಣಕದಲ್ಲಿ ಸರ್ವರ್ ಓಡುತ್ತಿದೆ ಎಂಬುದೇ ತಿಳಿದಿರಲಿಲ್ಲ. ಅಮೆರಿಕದ ಕೆಲವು ಸೇವಾದಾರರು ಮನೆಯ ಸಂಪರ್ಕಗಳಿಗೆ ಆ ಕಿಂಡಿಯನ್ನೇ ಮುಚ್ಚಿಬಿಟ್ಟರು. ಒಪ್ಪಂದದ ಸಣ್ಣಕ್ಷರದಲ್ಲಿ ‘ಸರ್ವರ್ ನಡೆಸಕೂಡದು’ ಎಂಬ ಮಾತು ಸೇರುವುದು ಅನೇಕ ಕಡೆ ವಾಡಿಕೆಯಾಯಿತು. ಬಾಗಿಲು ತೆರೆದಿಡುವವನು ಬೀಗದ ಜವಾಬ್ದಾರಿಯನ್ನೂ ಹೊರಬೇಕು ಎಂಬ ಪಾಠ ಮಾತ್ರ ಇಂದಿಗೂ ಹಳೆಯದಾಗಿಲ್ಲ. ಮನೆಯಲ್ಲಿ ತಾಣ ಇಡುವವರು ತಂತ್ರಾಂಶವನ್ನು ಆಗಾಗ ನವೀಕರಿಸದಿದ್ದರೆ ಅಪಾಯ ತಮಗಷ್ಟೇ ಅಲ್ಲ, ನೆರೆಯವರಿಗೂ ಉಂಟು.

ಮೊಹರಿನ ಲಕೋಟೆ

ಗುಟ್ಟಿನ ಸಂವಹನ ಬಂದಾಗ ವಠಾರದ ಹಳೆಯ ಸಮಸ್ಯೆ ಮತ್ತೆ ಹುಟ್ಟಿತು. ಬ್ಯಾಂಕು, ಅಂಗಡಿಗಳ ತಾಣಗಳಿಗಾಗಿ ಮಾತನ್ನು ಗೂಢಲಿಪಿಯಲ್ಲಿ ಮುಚ್ಚಿ ಕಳಿಸುವ ಪದ್ಧತಿ 1990ರ ದಶಕದ ಮಧ್ಯದಲ್ಲೇ ಬಂತು. ಆದರೆ ಹೆಸರು ಬರೆದ ಸಾಲೂ ಮೊಹರು ಮಾಡಿದ ಲಕೋಟೆಯೊಳಗೇ ಉಳಿಯುತ್ತಿತ್ತು. ಲಕೋಟೆ ಒಡೆಯಲು ಯಾವ ಮನೆಯ ಮುದ್ರೆ ಬೇಕೆಂದು ತಿಳಿಯಬೇಕಾದರೆ ಹೆಸರು ಗೊತ್ತಿರಬೇಕು. ಹೆಸರು ತಿಳಿಯಬೇಕಾದರೆ ಲಕೋಟೆ ಒಡೆಯಬೇಕು. 2003ರ ಜೂನ್‌ನಲ್ಲಿ ಹೊರಬಂದ ತಿದ್ದುಪಡಿಯೊಂದು ಹೆಸರನ್ನು ಲಕೋಟೆಯ ಹೊರಗೂ ಬರೆಯುವ ಏರ್ಪಾಡು ಮಾಡಿತು. ಆದರೆ ವಿಂಡೋಸ್ ಎಕ್ಸ್‌ಪಿಯ ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಆ ಹೊರಗಿನ ಹೆಸರನ್ನು ಬರೆಯಲು ಕಲಿಯಲೇ ಇಲ್ಲ. 2014ರಲ್ಲಿ ಎಕ್ಸ್‌ಪಿಗೆ ಬೆಂಬಲ ನಿಲ್ಲುವವರೆಗೂ ಬಹಳ ಮಂದಿ ಹೊಸ ಏರ್ಪಾಡನ್ನು ನೆಚ್ಚಲು ಹಿಂಜರಿದರು. ಮೊಹರಿನ ಪ್ರಮಾಣಪತ್ರಕ್ಕೆ ವರ್ಷವರ್ಷ ಹಣವನ್ನೂ ತೆರಬೇಕಾಗಿತ್ತು. 2015ರ ಡಿಸೆಂಬರ್‌ನಲ್ಲಿ ‘ಲೆಟ್ಸ್ ಎನ್‌ಕ್ರಿಪ್ಟ್’ ಎಂಬ ಲಾಭರಹಿತ ವ್ಯವಸ್ಥೆ ಪ್ರಮಾಣಪತ್ರಗಳನ್ನು ಎಲ್ಲರಿಗೂ ಉಚಿತವಾಗಿ ಹಂಚತೊಡಗಿದ ಮೇಲೆ ಆ ಹೊರೆ ಇಳಿಯಿತು.

ಬಾಡಿಗೆ ಮನೆಯ ಬದುಕು

ಇಷ್ಟು ಕಷ್ಟ ಏಕೆ, ಯಾರಾದರೂ ಜಾಗ ಕೊಟ್ಟರೆ ಸಾಲದೇ ಎಂದು ಜನ ಕೇಳಿದ್ದು ಸಹಜವೇ. 1994ರಲ್ಲಿ ಆರಂಭವಾದ ‘ಜಿಯೊಸಿಟೀಸ್’ ಜನಸಾಮಾನ್ಯರಿಗೆ ಬಿಟ್ಟಿ ನಿವೇಶನ ಹಂಚಿತು. ಬಡಾವಣೆಗಳಂತೆ ವಿಂಗಡಿಸಿದ ಆ ಜಾಗದಲ್ಲಿ ಲಕ್ಷಾಂತರ ಜನ ತಮ್ಮ ಹವ್ಯಾಸ, ಊರು, ಮನೆತನಗಳ ಪುಟ ಕಟ್ಟಿದರು. 1999ರಲ್ಲಿ ಯಾಹೂ ಅದನ್ನು ಭಾರಿ ಬೆಲೆಗೆ ಕೊಂಡಿತು. 2009ರ ಅಕ್ಟೋಬರ್‌ನಲ್ಲಿ ಜಪಾನಿನದೊಂದನ್ನು ಬಿಟ್ಟು ಉಳಿದದ್ದನ್ನು ಮುಚ್ಚಿತು. ಸ್ವಯಂಸೇವಕರು ಹಗಲಿರುಳು ನಕಲು ಮಾಡಿ ಒಂದಷ್ಟನ್ನು ಉಳಿಸಿದರು. ಉಳಿದದ್ದು ಹೋಯಿತು. ನಮ್ಮವರಿಗೆ ಇನ್ನೂ ಹತ್ತಿರದ ಉದಾಹರಣೆ ‘ಆರ್ಕುಟ್’. ಭಾರತದಲ್ಲಿ ಮನೆಮಾತಾಗಿದ್ದ, ಕನ್ನಡದ ಹುಡುಗ ಹುಡುಗಿಯರೂ ಹರಟೆ ಹೊಡೆದ ಆ ತಾಣವನ್ನು ಗೂಗಲ್ 2014ರ ಸೆಪ್ಟೆಂಬರ್ 30ರಂದು ಮುಚ್ಚಿತು. ಮಾಲೀಕ ಮನೆ ಬಿಡಿ ಎಂದರೆ ಬಾಡಿಗೆದಾರ ಬಿಡಲೇಬೇಕು. ಬಿಟ್ಟಿ ಮನೆಯಾದರೆ ಕೇಳುವಂತೆಯೂ ಇಲ್ಲ.

ಮನೆಯಲ್ಲಿ ಇಟ್ಟದ್ದು ಶಾಶ್ವತವೇ ಎಂದರೆ ಅದೂ ಅಲ್ಲ. ಸಿಡಿಲು ಬಡಿಯಬಹುದು, ತಟ್ಟೆ ಕೆಡಬಹುದು, ನಡೆಸುವವನೇ ಕಣ್ಣುಮುಚ್ಚಬಹುದು. ವ್ಯತ್ಯಾಸ ಇಷ್ಟೇ: ಯಾವುದನ್ನು ಇಡಬೇಕು, ಯಾವುದನ್ನು ಅಳಿಸಬೇಕು ಎಂಬ ತೀರ್ಮಾನ ಬರೆದವನ ಕೈಯಲ್ಲಿರುತ್ತದೆ. ತಾಳೆಗರಿಗಳು ಉಳಿದದ್ದು ಅರಮನೆಯ ಭಂಡಾರದಲ್ಲಿ ಮಾತ್ರವಲ್ಲ, ಅಟ್ಟಗಳ ಮೇಲೂ ಉಳಿದವು ಎಂಬುದನ್ನು ಮರೆಯಬಾರದು. ಪ್ರತಿಗಳು ಹಲವು ಕಡೆ ಇದ್ದರೆ ಒಂದು ಕಡೆಯ ಬೆಂಕಿ ಎಲ್ಲವನ್ನೂ ನುಂಗದು.

ಮತ್ತೆ ತೆರೆದ ಬಾಗಿಲು

ಈಚಿನ ವರ್ಷಗಳು ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡಿವೆ. ನಗರಗಳಲ್ಲಿ ತಾಮ್ರದ ಬದಲು ಗಾಜಿನ ಎಳೆ ಬಂದಿದೆ; ಅನೇಕ ಯೋಜನೆಗಳಲ್ಲಿ ಹೋಗುವ, ಬರುವ ವೇಗ ಎರಡೂ ಸಮ. ಸೆಕೆಂಡಿಗೆ ನೂರು ಮೆಗಾಬಿಟ್ ಹೊರಗೆ ಹೋಗುವಂತಿದ್ದರೆ, ಮೇಲೆ ಹೇಳಿದ ಪುಟವನ್ನು ಸೆಕೆಂಡಿಗೆ ನೂರಕ್ಕೂ ಹೆಚ್ಚು ಜನರಿಗೆ ಕೊಡಬಹುದು. ಹತ್ತು ಸಣ್ಣ ತಾಣಗಳಿಗೆ ಅದು ಧಾರಾಳ.

ಆದರೆ ವಿಳಾಸಗಳು ಮುಗಿದಿವೆ. ಜಗತ್ತಿನ ಕೇಂದ್ರ ದಾಸ್ತಾನು 2011ರ ಫೆಬ್ರವರಿಯಲ್ಲಿ ಬರಿದಾಯಿತು. ನಮ್ಮ ಏಷ್ಯಾ–ಪೆಸಿಫಿಕ್ ವಲಯದ ಪಾಲು ಅದೇ ಏಪ್ರಿಲ್‌ನಲ್ಲಿ ಕೊನೆಯ ಕಂತಿಗೆ ಇಳಿಯಿತು. ಆದ್ದರಿಂದ ಅನೇಕ ಸೇವಾದಾರರು ನೂರಾರು ಮನೆಗಳನ್ನು ಒಂದೇ ಸಂಖ್ಯೆಯ ಹಿಂದೆ ಕೂರಿಸುತ್ತಾರೆ. ವಠಾರದೊಳಗೊಂದು ವಠಾರ! ಇಲ್ಲಿ ಹೊರಗಿನ ಹೆಬ್ಬಾಗಿಲು ನಮ್ಮದಲ್ಲ, ಕಂಪೆನಿಯದು. ಅಲ್ಲಿಯ ಕಾವಲುಗಾರನಿಗೆ ನಾವು ಏನನ್ನೂ ಹೇಳಿಡುವಂತಿಲ್ಲ. ಹಣ ಕೊಟ್ಟು ಸ್ಥಿರ ವಿಳಾಸ ಕೇಳಬೇಕು. ಇಲ್ಲವೇ ಹೊರಗೆ ಒಂದು ಯಂತ್ರ ಬಾಡಿಗೆಗೆ ಹಿಡಿದು, ಮನೆಯಿಂದ ಅದಕ್ಕೊಂದು ಸುರಂಗ ತೋಡಿ, ಅದರ ಮೂಲಕ ಓದುಗರನ್ನು ಕರೆತರಬೇಕು. ಎರಡನೆಯದರಲ್ಲಿ ಕಡತಗಳು ಮನೆಯಲ್ಲೇ ಇದ್ದರೂ ಬಾಗಿಲು ಮತ್ತೊಬ್ಬರದು.

ಶಾಶ್ವತ ಪರಿಹಾರ ಹೊಸ ವಿಳಾಸ ಪದ್ಧತಿಯಾದ ‘ಐಪಿವಿ6’. ಅದರ ವಿಳಾಸಗಳ ಒಟ್ಟು ಸಂಖ್ಯೆ ಬರೆದರೆ 39 ಅಂಕಿಗಳಾಗುತ್ತವೆ. ಪ್ರತಿ ಮನೆಯ ಪ್ರತಿ ಯಂತ್ರಕ್ಕೂ ತನ್ನದೇ ಬಾಗಿಲು ಸಾಧ್ಯ. ಇದನ್ನು ಅಳವಡಿಸಿಕೊಂಡ ದೇಶಗಳ ಮುಂಚೂಣಿಯಲ್ಲಿ ಭಾರತವಿದೆ ಎಂಬುದು ಸಂತೋಷದ ಸಂಗತಿ. ಆದರೆ ಹಳೆಯ ಪದ್ಧತಿಯಲ್ಲೇ ಉಳಿದ ಓದುಗರು ಆ ಬಾಗಿಲಿಗೆ ನೇರವಾಗಿ ಬರಲಾರರು. ಹೀಗಾಗಿ ಸದ್ಯಕ್ಕೆ ಎರಡೂ ಬೇಕು.

ಮನೆಯಲ್ಲಿ ತಾಣ ಇಡಲು ಇಂದು ಬೇಕಾದ ಯಂತ್ರ ಅಂಗೈ ಅಗಲದ್ದು. 2012ರ ಫೆಬ್ರವರಿ 29ರಂದು ಇಂಗ್ಲೆಂಡಿನಲ್ಲಿ ಮಾರಾಟಕ್ಕೆ ಬಂದ ‘ರಾಸ್ಪ್‌ಬೆರಿ ಪೈ’ ಹಲಗೆಯ ಬೆಲೆ 35 ಡಾಲರ್. ಅಂಥ ಹಲಗೆಯೊಂದು ಹಗಲಿರುಳು ಓಡಿದರೂ ಹತ್ತು ವಾಟ್‌ಗಿಂತ ಕಡಿಮೆ ವಿದ್ಯುತ್ತು ಸಾಕು. ಪುಟ್ಟ ಬ್ಯಾಟರಿ ಪೆಟ್ಟಿಗೆಯೊಂದಿದ್ದರೆ ಕರೆಂಟು ಹೋದಾಗಲೂ ನಡೆಯುತ್ತದೆ. ಗೋಪಾಲಸ್ವಾಮಿಯವರ ಪ್ರೇಷಕ ಇದರ ಮೂರು ಪಟ್ಟು ಶಕ್ತಿಯದು. ಅದರ ದನಿ ಮೈಸೂರಿನ ಆಸುಪಾಸು ದಾಟುತ್ತಿದ್ದದ್ದು ಕಷ್ಟ. ಈ ಹಲಗೆಯ ದನಿ ಜಗತ್ತಿನ ಯಾವ ಮೂಲೆಗಾದರೂ ಕೇಳುತ್ತದೆ. ಊರಿನ ದೇವಸ್ಥಾನದ ಶಾಸನದ ಪಾಠವೋ, ಅಜ್ಜಿ ಹಾಡಿದ ಸೋಬಾನೆಯ ಧ್ವನಿಮುದ್ರಣವೋ, ಶಾಲೆಯ ಮಕ್ಕಳು ಕಲೆಹಾಕಿದ ಮಳೆಯ ಲೆಕ್ಕವೋ, ಯಾವುದೂ ದೊಡ್ಡ ಕಂಪೆನಿಗೆ ಲಾಭ ತರುವ ಸರಕಲ್ಲ. ಅವು ಉಳಿಯಬೇಕಾದರೆ ಅವುಗಳ ಬೆಲೆ ಬಲ್ಲವರ ಮನೆಯಲ್ಲೂ ಒಂದು ಪ್ರತಿ ಇರಬೇಕು. ಎಲ್ಲರೂ ಇಡಬೇಕೆಂದಿಲ್ಲ. ಆದರೆ ಇಡಬೇಕೆನ್ನುವವನಿಗೆ ಬಾಗಿಲು ಇರಬೇಕು. ಮನೆಗೆ ಸಂಪರ್ಕ ತೆಗೆದುಕೊಳ್ಳುವಾಗ ಎಷ್ಟು ವೇಗ ಬರುತ್ತದೆ ಎಂದು ಎಲ್ಲರೂ ಕೇಳುತ್ತೇವೆ. ಎಷ್ಟು ವೇಗ ಹೋಗುತ್ತದೆ, ಹೆಬ್ಬಾಗಿಲು ಯಾರದು ಎಂದೂ ಕೇಳುವುದು ಒಳ್ಳೆಯದು.